ಮೊರದಲ್ಲಿ ಬಿದ್ದದ್ದು, ಲೋಟದಲ್ಲಿ ಉಳಿದದ್ದು

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಹಿಂಬಾಗಿಲ ಮೆಟ್ಟಿಲ ಮೇಲಿನ ಹಂತದಲ್ಲಿ ಅತ್ತೆ ಕೂತಿದ್ದಾರೆ, ಕೆಳಗಿನ ಹಂತದಲ್ಲಿ ಅವರ ತಮ್ಮನ ಮಗಳು, ಒಂಬತ್ತು ವರ್ಷದ ಹುಡುಗಿ. ಬಲಗಡೆಯ ಜಡೆ ಮುಗಿದು ತುದಿಗೆ ನೀಲಿ ರಿಬ್ಬನ್ ಬಿದ್ದಿದೆ. ಎಡಗಡೆಯ ಕೂದಲು ಮೂರು ಎಳೆಯಾಗಿ ಅತ್ತೆಯ ಬೆರಳುಗಳ ನಡುವೆ ಇದೆ. ಎಷ್ಟು ತಿಕ್ಕಿ ತೊಳೆದರೂ ಆ ಬೆರಳುಗಳ ಉಗುರಿನ ಸಂದಿಯಿಂದ ರಬ್ಬರಿನ ಕಪ್ಪು ಹೋಗುವುದಿಲ್ಲ. ಹುಡುಗಿಯ ತಾಯಿ ಐದರ ಪಾಳಿಗೆ ಹೊರಟು ಹೋಗಿಯಾಗಿದೆ. ಹಾಗಾಗಿ ಜಡೆಯ ಪಾಳಿ ಅತ್ತೆಯದು.

“ಅತ್ತೆ, ನಿನ್ನನ್ನ ಒಂದು ಕೇಳ್ಬೇಕು.”

“ಕೇಳು.”

“ಬೈಬಾರ್ದು.”

“ಬೈಯೋ ಥರದ್ದಾದ್ರೆ ಬೈತೀನಿ. ತಲೆ ನೆಟ್ಟಗಿಟ್ಕೋ.”

ಅಷ್ಟರಲ್ಲಿ ಕಿಟಕಿಯ ಕಟ್ಟೆಯ ಮೇಲಿದ್ದ ಫೋನ್ ಬಡಿದುಕೊಳ್ಳುತ್ತದೆ. ಗಾಜಿನ ಬಾಟಲಿಗಳ ಗೋದಾಮಿನಿಂದ ಕರೆ. ಅಲ್ಲೊಂದು ಫೋರ್ಕ್‌ಲಿಫ್ಟ್‌ನ ಮುಂದಿನ ಟೈರ್ ಹರಿದು, ಗಾಡಿ ಲಾರಿಗೆ ಅಡ್ಡ ನಿಂತಿದೆ. ರೋಸಿಹೋದ ಮ್ಯಾನೇಜರ್ ಮಧ್ಯಾಹ್ನದೊಳಗೆ ಎಲ್ಲ ಗಾಡಿಗಳಿಗೂ ಗಟ್ಟಿ ಟೈರಿಗೆ ಆರ್ಡರ್ ಬರೆಸಿಬಿಡುತ್ತಾರಂತೆ. ಬರೆಸುವ ಮೊದಲು ಒಮ್ಮೆ ಬಂದು ನೋಡಬೇಕಂತೆ. ಅತ್ತೆಯ ಕೈಯಿಂದ ಮೂರು ಎಳೆಗಳೂ ಜಾರುತ್ತವೆ. ಶಾಲೆಗೆ ರಜೆ, ಹುಡುಗಿಯೂ ಹೊರಡುತ್ತಾಳೆ. ಒಂದು ಜಡೆ ಕಟ್ಟಿ, ಇನ್ನೊಂದು ಕಡೆ ಕೂದಲು ಬಿಟ್ಟುಕೊಂಡು ಅವಳು ಅಂಗಡಿಯ ವ್ಯಾನ್ ಹತ್ತುವುದನ್ನು ನೋಡಿ ಚಾಲಕ, “ಇದೇನಮ್ಮ, ಅರ್ಧ ಮದುಮಗಳ ಥರ ಬಂದಿದೀಯ?” ಎನ್ನುತ್ತಾನೆ. ಅವಳು ಕಿಟಕಿಯ ಕಡೆ ಸರಿದು ಕೂರುತ್ತಾಳೆ.

ಗೋದಾಮುಗಳಲ್ಲಿ ಈ ನಲವತ್ತೇಳರ ಹೆಂಗಸಿಗೆ ಟೈರಕ್ಕ ಎಂದೇ ಹೆಸರು. ಅವರು ಕೆಲಸ ಮಾಡುವ ಟೈರ್ ಅಂಗಡಿಯ ಹಾಜರಿ ಪುಸ್ತಕದಲ್ಲಿ ಮಾತ್ರ ‘ಸಹಾಯಕಿ’. ಫೋರ್ಕ್‌ಲಿಫ್ಟ್, ಸರಕು ಎಳೆಯುವ ಟ್ರ್ಯಾಕ್ಟರ್, ಕಂಟೇನರ್ ಎತ್ತುವ ದೊಡ್ಡ ಗಾಡಿ, ಹೀಗೆ ಕಾರ್ಖಾನೆ ಗೋದಾಮುಗಳ ಒಳಗೇ ಓಡಾಡಿ ಸವೆಯುವ ಗಾಡಿಗಳಿಗೆ ಯಾವ ಟೈರ್ ಸರಿ ಎಂದು ಹೇಳುವುದು ಅವರ ಕೆಲಸ. ದಿನಕ್ಕೆ ಮೂರೋ ನಾಲ್ಕೋ ಗೋದಾಮು, ವಾರಕ್ಕೆ ಮೂವತ್ತು ಚಕ್ರಗಳ ಮೇಲೆ ಮಾತು. ನಾವೆಲ್ಲ ಮನೆಗೆ ತರುವ ಸೋಪು, ಹಾಲಿನ ಪುಡಿ, ಮಕ್ಕಳ ನೋಟ್‌ಪುಸ್ತಕ ಒಂದಲ್ಲ ಒಂದು ಸಲ ಇಂಥ ಗಾಡಿಯ ಎರಡು ಕಬ್ಬಿಣದ ತೋಳುಗಳ ಮೇಲೆ ಕೂತು ಬಂದದ್ದೇ. ಆ ತೋಳಿನ ಕೆಳಗಿರುವ ಗಾಲಿಯನ್ನು ಯಾರೋ ಒಬ್ಬರು ಯೋಚಿಸಿ ಆರಿಸಿರುತ್ತಾರೆ ಎಂಬುದು ನನಗೂ ಈಚೆಗಿನವರೆಗೆ ಹೊಳೆದಿರಲಿಲ್ಲ.

ಅವರು ಆರಿಸುವ ಬಗೆ ವಿಚಿತ್ರ. ಗೋದಾಮಿಗೆ ಹೋದ ಕೂಡಲೇ ಗಾಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ಕಸದ ಮೊರ ಕೇಳುತ್ತಾರೆ.

“ಗಾಡಿ ಏನು ಹೇಳುತ್ತೆ? ತೊಳೆದು ನಿಲ್ಸಿರ್ತಾರೆ, ಮದುವೆಗೆ ಬಂದೋರ ಥರ. ಕಸ ಹಾಗಲ್ಲ. ಸುಳ್ಳು ಹೇಳಕ್ಕೆ ಬರಲ್ಲ ಅದಕ್ಕೆ.”

ಹಿಂದಿನ ವಾರ ಅಂಗಡಿಯಲ್ಲಿ, ಪತ್ರಿಕೆಗೆ ಬರೆಯಲೆಂದು ಹೋಗಿದ್ದ ನನಗೆ ಅವರು ತಮ್ಮ ಕಪಾಟು ತೆರೆದು ತೋರಿಸಿದ್ದರು. ಜಾಮಿನ ಖಾಲಿ ಬಾಟಲಿಗಳು, ಅರವತ್ಮೂರು. ಒಂದೊಂದರಲ್ಲೂ ಒಂದೊಂದು ಗೋದಾಮಿನ ಕಸ, ಮೇಲೊಂದು ಚೀಟಿ. ಲೇತ್ ಯಂತ್ರದ ಕೆಳಗಿನ ಸುರುಳಿ ಸುರುಳಿ ಕಬ್ಬಿಣದ ಚೂರು. ಅಲ್ಲಿ ಗಾಳಿ ತುಂಬಿದ ಟೈರ್ ಒಂದು ವಾರ ಬಾಳುವುದಿಲ್ಲ, ಒಳಗೂ ರಬ್ಬರೇ ಇರುವ ಗಟ್ಟಿ ಟೈರ್ ಬೇಕು. ತಂಪು ಕೋಣೆಯ ನೆಲದಿಂದ ಕೆರೆದ, ಗಾಜಿನಂತೆ ಗಡುಸಾದ ಕಪ್ಪು ಪುಡಿ. ಚಳಿಗೆ ಸೆಟೆದುಕೊಂಡ ರಬ್ಬರು ನೆಲ ಹಿಡಿಯದೆ ಜಾರಿದ್ದಕ್ಕೆ ಸಾಕ್ಷಿ ಅದು. ಕಾಗದದ ಗೋದಾಮಿನ ಬಾಟಲಿಯಲ್ಲಿ ಬರೀ ಬಿಳಿ ಹಿಟ್ಟು. ನೆಲಕ್ಕೆ ಕಪ್ಪು ಗೆರೆ ಬೀಳಬಾರದೆಂದು ಅಲ್ಲಿ ಬಿಳಿ ಟೈರ್ ಹಾಕಿಸಿದ್ದರಂತೆ. ಗೆರೆ ನಿಂತಿತು, ಆದರೆ ಚಾಲಕರು ಗಾಡಿಯಿಂದ ಇಳಿದು ಕಂಬಿ ಮುಟ್ಟಿದಾಗೆಲ್ಲ ಚುರ್ರೆಂದು ಹೊಡೆಯತೊಡಗಿತು. ರಬ್ಬರಿಗೆ ಕಪ್ಪು ಬಣ್ಣ ಕೊಡುವ ಮಸಿಯೇ ಗಾಡಿಯ ಮೈಯಲ್ಲಿ ಹುಟ್ಟುವ ಕರೆಂಟನ್ನು ನೆಲಕ್ಕಿಳಿಸುವುದು, ಬಿಳಿಯದರಲ್ಲಿ ಆ ದಾರಿಯಿಲ್ಲ. ಕೊನೆಗೆ ಗಾಡಿಯ ಹೊಟ್ಟೆಗೆ ನೆಲ ಸವರುವಂತೆ ಒಂದು ಪಟ್ಟಿ ಕಟ್ಟಿಸಿದರು. “ಟೈರಕ್ಕ ಗಾಡಿಗೆ ಬಾಲ ಬರಿಸಿದ್ರು ಅಂತ ಊರೆಲ್ಲ ನಕ್ರು. ನಗ್ಲಿ. ಶಾಕ್ ನಿಲ್ತಲ್ಲ.”

ಈ ವಿದ್ಯೆಯನ್ನು ಯಾರೂ ಕಲಿಸಿದ್ದಲ್ಲ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಅವರು ಒಂದು ದೊಡ್ಡ ಗೋದಾಮಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ್ದು. ದಿನಕ್ಕೆ ಎರಡು ಸಲ ಹನ್ನೆರಡು ಸಾಲು ಗುಡಿಸಬೇಕಿತ್ತು. ಏಳನೆಯ ಸಾಲಿನ ತಿರುವಿನಲ್ಲಿ ಮಾತ್ರ ಯಾವಾಗಲೂ ಹಿಡಿ ತುಂಬ ರಬ್ಬರ್ ಚೂರು ಸಿಗುತ್ತಿತ್ತು. ಒಂದು ದಿನ ಟೈರ್ ಅಂಗಡಿಯ ಯಜಮಾನರು ಬಂದು, ಟೈರ್ ಮೂರೇ ತಿಂಗಳಿಗೆ ಸವೆಯುವುದು ಚಾಲಕರ ಒರಟುತನದಿಂದ ಎಂದು ಕೂಗಾಡುತ್ತಿದ್ದಾಗ, ಈ ಹುಡುಗಿ ಮೊರವನ್ನು ಅವರ ಮುಂದೆ ಹಿಡಿದಳು. “ನಿಮ್ಮ ಟೈರ್ ಇಲ್ಲಿದೆ ನೋಡಿ ಸಾರ್. ಒರಟುತನ ಆಗಿದ್ರೆ ಹನ್ನೆರಡು ಸಾಲಲ್ಲೂ ಸಿಗ್ಬೇಕಿತ್ತು.” ಏಳನೆಯ ಸಾಲಿನ ನೆಲದಲ್ಲಿ ಕಾಂಕ್ರೀಟ್ ಕಿತ್ತು, ಗರಗಸದಂಥ ಒಂದು ಅಂಚು ಎದ್ದಿತ್ತು. ಯಜಮಾನರು ಮೊದಲು ನಕ್ಕರು, ಆಮೇಲೆ ಬಗ್ಗಿ ಆ ಅಂಚು ಮುಟ್ಟಿ ನೋಡಿದರು, ತಿಂಗಳು ಕಳೆದು ಕೆಲಸಕ್ಕೆ ಕರೆದರು. ಇಪ್ಪತ್ತಾರು ವರ್ಷವಾಯಿತು.

“ಹಾಗಾದರೆ ನಿಮ್ಮ ಲೆಕ್ಕಾಚಾರ ಯಾವತ್ತೂ ತಪ್ಪಿಲ್ಲ ಅನ್ನಿ,” ಎಂದೆ ನಾನು, ಮಾತಿಗೆ.

ಅವರು ಕಪಾಟಿನ ಹಿಂದಿನ ಸಾಲಿಗೆ ಕೈಹಾಕಿ ಒಂದು ಬಾಟಲಿ ತೆಗೆದರು. ಮೊಳೆ, ಕಬ್ಬಿಣದ ಚಿಪ್ಪು, ಚೂಪು ಜಲ್ಲಿ. ಚೀಟಿಯ ಮೇಲೆ ‘ಪೈಪ್ ಯಾರ್ಡ್’, ಕಬ್ಬಿಣದ ಪೈಪು ಪೇರಿಸುವ ಬಯಲು.

“ಇದು ಸರಿಯಾಗೇ ಓದ್ದೆ. ಓದಿದ್ದೇ ತಪ್ಪಾಗೋಯ್ತು,” ಎಂದರು.

ಪೈಪ್ ಯಾರ್ಡ್‌ನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದದ್ದು ಅವರ ತಮ್ಮ, ಒಂದೇ ಜಡೆಯ ಈ ಹುಡುಗಿಯ ತಂದೆ. ಐದು ವರ್ಷದ ಹಿಂದಿನ ಮಾತು. ವಾರಕ್ಕೆರಡು ಪಂಚರ್. ಟೈರಕ್ಕ ಹೋದರು, ಮೊರ ನೋಡಿದರು, ಗಟ್ಟಿ ಟೈರ್ ಎಂದರು. ಮೊರ ಹೇಳಿದ್ದೂ ಅದನ್ನೇ. ಪಂಚರ್ ಒಂದೇ ಏಟಿಗೆ ನಿಂತಿತು, ಯಾರ್ಡ್‌ನವರು ಕೈಮುಗಿದರು. ಆದರೆ ಗಾಳಿಯ ಟೈರ್ ಗುಂಡಿಯ ಕುಲುಕನ್ನು ಅಷ್ಟಿಷ್ಟು ತಾನು ನುಂಗಿಕೊಳ್ಳುತ್ತದೆ, ಗಟ್ಟಿ ಟೈರ್ ನುಂಗುವುದಿಲ್ಲ. ಮೇಲಕ್ಕೆ ದಾಟಿಸುತ್ತದೆ. ಫೋರ್ಕ್‌ಲಿಫ್ಟ್‌ಗೆ ಕಾರಿಗಿರುವ ಹಾಗೆ ಸ್ಪ್ರಿಂಗುಗಳಿಲ್ಲ. ಮೇಲಿರುವುದು ಸೀಟು, ಸೀಟಿನ ಮೇಲೆ ಒಬ್ಬ ಮನುಷ್ಯ. ಒಡೆದ ನೆಲದ ಯಾರ್ಡ್‌ನಲ್ಲಿ ದಿನಕ್ಕೆ ಹತ್ತು ಗಂಟೆ, ಹದಿನಾಲ್ಕು ತಿಂಗಳು. ಒಂದು ಬೆಳಿಗ್ಗೆ ತಮ್ಮನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಬೆನ್ನಿನ ಕೆಳಗಿನ ಎರಡು ಮಣಿಗಳ ನಡುವಿನ ಮೆತ್ತೆ ಜಾರಿತ್ತು. ಆಮೇಲೆ ಗಾಡಿ ಹತ್ತಲಿಲ್ಲ.

“ಮನೆಯಿಂದ ದಿಂಬು ತಗೊಂಡು ಹೋಗ್ತಿದ್ದ, ಸೀಟಿಗೆ ಹಾಕ್ಕೊಳ್ಳಕ್ಕೆ. ಏನೋ ರಾಜ, ಸಿಂಹಾಸನ ಗಟ್ಟಿಯಾಯ್ತಾ ಅಂತ ನಾನೇ ರೇಗಿಸ್ತಿದ್ದೆ. ದಿಂಬು ಕಣ್ಮುಂದೆ ಹೋಗ್ತಾ ಇತ್ತು. ನಾನು ಅರವತ್ತು ಗೋದಾಮಿನ ಕಸ ಓದೋಳು. ದಿಂಬು ಓದ್ಲಿಲ್ಲ.”

ತಮ್ಮನಿಗೆ ಇದೆಲ್ಲ ಗೊತ್ತು. ಅವನ ಮಗಳಿಗೆ ಗೊತ್ತಿಲ್ಲ. ಅಪ್ಪನಿಗೆ ಗಾಡಿ ಓಡಿಸಿ ಬೆನ್ನು ಹೋಯಿತು ಎಂದಷ್ಟೇ ಅವಳಿಗೆ ತಿಳಿದಿರುವುದು. ಅವಳ ಪಾಲಿಗೆ ಅತ್ತೆ ಎಂದರೆ ಟೈರಿನ ವಿಷಯದಲ್ಲಿ ಎಂದೂ ಸೋಲದವಳು. “ಶಾಲೆಯಲ್ಲಿ ಹೇಳ್ಕೊಂಡು ಬರ್ತಾಳೆ, ನಮ್ಮತ್ತೆ ಕಸ ನೋಡಿ ಎಲ್ಲ ಹೇಳ್ತಾರೆ ಅಂತ. ನನ್ನ ಬಾಯಿಂದ ಹೇಳೋಣ ಅಂತ ಎಷ್ಟೋ ಸಲ ಕೂತಿದೀನಿ. ಬಾಯಿಗೆ ಬಂದಿದ್ದು ನುಂಗಿಬಿಡ್ತೀನಿ.” ಆಮೇಲೆ ನನ್ನ ಪೆನ್ನಿನ ಕಡೆ ನೋಡಿ ಒಂದು ಷರತ್ತು ಹಾಕಿದರು. “ಅವಳಿಗೆ ಮನೆಯಲ್ಲಿ ಗೊತ್ತಾಗೋವರೆಗೂ ಇದನ್ನ ಪೇಪರಲ್ಲಿ ಹಾಕ್ಬೇಡಿ. ಅವಳು ಪೇಪರ್ ಓದ್ತಾಳೆ. ಆಮೇಲೆ ಹಾಕಿ, ಬೇಕಾದ್ರೆ ದಪ್ಪಕ್ಷರದಲ್ಲೇ ಹಾಕಿ.” ಒಪ್ಪಿಕೊಂಡೆ.

ವ್ಯಾನ್ ಬಾಟಲಿ ಗೋದಾಮಿನ ಗೇಟು ದಾಟುವಾಗ ಬೆಳಕು ಪೂರ್ತಿ ಬಂದಿದೆ. ದಾರಿಯುದ್ದಕ್ಕೂ ಹುಡುಗಿ ಕಿಟಕಿಯಾಚೆ ನೋಡುತ್ತ ಬಂದವಳು ಒಮ್ಮೆ “ಅತ್ತೆ” ಎಂದಿದ್ದಳು. ಅತ್ತೆ ತಿರುಗಿದ್ದೇ “ಏನಿಲ್ಲ” ಎಂದುಬಿಟ್ಟಿದ್ದಳು.

ಮ್ಯಾನೇಜರ್ ನಿದ್ದೆಗೆಟ್ಟ ಮುಖದ ಒಳ್ಳೆಯ ಮನುಷ್ಯ. “ಮೂರು ದಿನಕ್ಕೊಂದು ಪಂಚರ್ ಅಕ್ಕ. ನಾನು ಬಾಟಲಿ ಮಾರ್ಬೇಕೋ, ಪಂಚರ್ ಅಂಗಡಿ ಇಡ್ಬೇಕೋ?” ಎಂದು ಶುರುಮಾಡುತ್ತಾರೆ. ಟೈರಕ್ಕ ಮೊರ ಕೇಳುತ್ತಾರೆ. ಗೋದಾಮಿನ ಹೊರಗಿನ ಯಾರ್ಡ್‌ನ ನಾಲ್ಕು ಮೂಲೆಯಿಂದ ನಾಲ್ಕು ಮೊರ ಬರುತ್ತವೆ. ಅವರು ನೆಲದಲ್ಲಿ ಹಳೆಯ ಪತ್ರಿಕೆ ಹರಡಿ, ಕುಕ್ಕರುಗಾಲಲ್ಲಿ ಕೂತು, ಕಾಳು ಹಸನು ಮಾಡುವಂತೆ ಬೆರಳಾಡಿಸುತ್ತಾರೆ. ಗಾಜಿನ ಚೂರು, ಮರದ ಪೆಟ್ಟಿಗೆಯಿಂದ ಉದುರಿದ ಮೊಳೆ, ಚೂಪು ಜಲ್ಲಿ. ಸ್ವಲ್ಪ ಹೊತ್ತು ಬೆರಳು ನಿಲ್ಲುತ್ತದೆ. ಜಾಮಿನ ಬಾಟಲಿಯೊಂದರಲ್ಲಿ ನಾನೂ ನೋಡಿದ್ದ ಕಸ ಇದು. ಗಾಜಿನ ಚೂರಿನ ಬದಲು ಅಲ್ಲಿ ಕಬ್ಬಿಣದ ಚಿಪ್ಪಿತ್ತು, ಅಷ್ಟೇ.

“ಗಟ್ಟಿ ಟೈರೇ ಅಲ್ವಾ?” ಎನ್ನುತ್ತಾರೆ ಮ್ಯಾನೇಜರ್.

“ಮೊರ ಹಾಗಂತಿದೆ. ಲೋಟ ಏನನ್ನುತ್ತೋ ಕೇಳಣ.”

ಈ ಲೋಟ ಅವರ ಚೀಲದಲ್ಲಿ ಸದಾ ಇರುವ ಸ್ಟೀಲ್ ಲೋಟ. ಒಳಮೈಯಲ್ಲಿ ಗುಂಡುಸೂಜಿಯಿಂದ ಗೀರಿದ ಹತ್ತು ಗೆರೆಗಳಿವೆ. ಅದಕ್ಕೆ ಕಂಠಮಟ್ಟ ನೀರು ತುಂಬಿ, ಚಾಲಕನ ಕಾಲಬುಡದಲ್ಲಿ ತಂತಿಯ ಬಳೆಯೊಳಗೆ ಕೂರಿಸುತ್ತಾರೆ. ಚಾಲಕ ಎಂದಿನ ವೇಗದಲ್ಲಿ, ಎಂದಿನ ದಾರಿಯಲ್ಲಿ ಒಂದು ಸುತ್ತು ಹೋಗಿ ಬರಬೇಕು. ಎಷ್ಟು ನೀರು ಉಳಿಯಿತು ಎಂದು ಗೆರೆ ಎಣಿಸುವುದು, ಅಷ್ಟೇ. ನೀರು ತುಂಬಿಸುವುದು ಹುಡುಗಿಯ ಕೆಲಸ. ಎರಡು ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ತರುತ್ತಾಳೆ.

ಗಾಳಿ ಟೈರಿನ ಗಾಡಿ ಮೊದಲು ಹೋಗಿ ಬರುತ್ತದೆ. ಎಂಟು ಗೆರೆ ಉಳಿದಿದೆ. ಪರೀಕ್ಷೆಗೆಂದು ಮ್ಯಾನೇಜರ್ ತಾವೇ ತಿಂಗಳ ಹಿಂದೆ ಗಟ್ಟಿ ಟೈರ್ ಹಾಕಿಸಿದ ಗಾಡಿಯೊಂದಿದೆ. ಅದರ ಚಾಲಕ ಉದ್ದ ಕಾಲಿನ ತೆಳ್ಳನೆಯ ಆಸಾಮಿ, ಎಲ್ಲರೂ ಕೊಕ್ಕರೆ ಎನ್ನುತ್ತಾರೆ. ಟೈರಕ್ಕ ಅವನ ಸೀಟಿನ ಕಡೆ ನೋಡುತ್ತಾರೆ. ಮಡಿಸಿದ ಗೋಣಿಚೀಲ.

“ಎಷ್ಟು ಮಡಿಕೆ?”

“ನಾಲ್ಕು ಅಕ್ಕ.”

“ಹೋದ ವಾರ?”

“ಎರಡಿತ್ತು.” ಕೊಕ್ಕರೆ ತಲೆ ಕೆರೆದುಕೊಳ್ಳುತ್ತಾನೆ. “ನನಗೆ ಹಿಂದ್ಗಡೆ ಮಾಂಸ ಕಮ್ಮಿ ಅಂತ ಇವರೆಲ್ಲ ಆಡ್ಕೋತಾರೆ.”

“ಬೆಳಿಗ್ಗೆ ಎದ್ದಾಗ ಕಾಲು ಜೋಮು ಹಿಡಿಯುತ್ತಾ?”

ಅವನು ತೊಡೆ ಸವರಿಕೊಳ್ಳುತ್ತಾನೆ. “ಎಡಗಾಲು. ಸ್ವಲ್ಪ.”

ಅವನ ಸುತ್ತು ಮುಗಿದಾಗ ಲೋಟದಲ್ಲಿ ಮೂರು ಗೆರೆ ನೀರಿದೆ. ಅವನ ಪ್ಯಾಂಟಿನ ಅಂಚು ಒದ್ದೆ. ಹುಡುಗಿ ಲೋಟವನ್ನು ಬೆಳಕಿಗೆ ಹಿಡಿದು, ಒಳಗೆ ಇಣುಕಿ, ಗೆರೆಗಳನ್ನು ಎರಡು ಸಲ ಎಣಿಸುತ್ತಾಳೆ.

ಆಗಲೇ ಮ್ಯಾನೇಜರ್ ಆ ಮಾತು ಆಡುವುದು. ಕುಹಕವಿಲ್ಲ, ನಿಜವಾಗಿ ಗೊತ್ತಾಗದೆ ಕೇಳುವುದು. “ಈ ಲೋಟ ಹೊಸ ಕಥೆ ಅಕ್ಕ. ಮುಂಚೆ ಮೊರ ನೋಡಿದ ತಕ್ಷಣ ಹೇಳ್ಬಿಡ್ತಿದ್ರಿ. ಪೈಪ್ ಯಾರ್ಡಲ್ಲಿ ಗಟ್ಟಿ ಟೈರ್ ಹಾಕ್ಸಿ ಪಂಚರ್ ನಿಲ್ಸಿದ್ದು ನೀವೇ ತಾನೆ? ನಾನಾಗ ಅಲ್ಲೇ ಗುಮಾಸ್ತ ಆಗಿದ್ದೆ.”

ಟೈರಕ್ಕ ಪತ್ರಿಕೆಯ ಮೇಲಿನ ಕಸವನ್ನು ಒಟ್ಟುಮಾಡುತ್ತಿದ್ದವರು, ಒಟ್ಟುಮಾಡುತ್ತಲೇ “ಹೂಂ, ನಾನೇ” ಎನ್ನುತ್ತಾರೆ. ಹುಡುಗಿಯ ಕೈಯಲ್ಲಿನ ಲೋಟ ಕೆಳಗಿಳಿಯುತ್ತದೆ. ಉಳಿದಿದ್ದ ನೀರನ್ನು ಅವಳು ನೆಲಕ್ಕೆ ಚೆಲ್ಲಿ, ಫ್ರಾಕಿನ ಅಂಚಿನಿಂದ ಲೋಟ ಒರೆಸಿ, ಅತ್ತೆಯ ಚೀಲಕ್ಕೆ ಹಾಕುತ್ತಾಳೆ.

ಟೈರಕ್ಕ ಕೊಟ್ಟ ತೀರ್ಮಾನ ಮ್ಯಾನೇಜರಿಗೆ ಅಷ್ಟೇನೂ ರುಚಿಸುವುದಿಲ್ಲ. ಶೆಡ್ಡಿನೊಳಗೆ ಓಡುವ ಎರಡು ಗಾಡಿಗಳಿಗೆ ಗಟ್ಟಿ ಟೈರ್, ಅಲ್ಲಿ ನೆಲ ಕನ್ನಡಿಯಂತಿದೆ. ಯಾರ್ಡ್‌ನ ನಾಲ್ಕಕ್ಕೆ ಗಾಳಿಯದೇ, ಆದರೆ ಒಳಗೆ ನೂಲಿನ ಪದರ ಹೆಚ್ಚಿರುವಂಥದ್ದು. ಗಾಡಿಯ ಮುಂದೆ ಮೊಳೆ ಎತ್ತಿಕೊಳ್ಳಲು ಅಯಸ್ಕಾಂತದ ಪಟ್ಟಿ. ದಿನಕ್ಕೆ ಎರಡು ಸಲ ಗಾಜು ಗುಡಿಸಬೇಕು. ನೀರು ಚೆಲ್ಲಿದ ಜಾಗದಲ್ಲಿ ಅವರು ಸೀಮೆಸುಣ್ಣದಿಂದ ಸುತ್ತು ಹಾಕಿದ ಐದು ಗುಂಡಿಗಳನ್ನು ಮುಚ್ಚಿಸಬೇಕು. ಎಡಬಲದ ಜೋಡಿ ಟೈರುಗಳಲ್ಲಿ ಒಂದನ್ನು ಮಾತ್ರ ಬದಲಿಸುವ ಹಾಗಿಲ್ಲ. ಕೆಳಗೆ ಒಂದು ಬೆರಳಗಲ ಏರುಪೇರಾದರೆ ಎತ್ತಿ ಹಿಡಿದ ಸರಕು ಮೇಲೆ ಅರ್ಧ ಗೇಣು ವಾಲುತ್ತದೆ. ಕೊಕ್ಕರೆಯ ಗಾಡಿಯ ಗಟ್ಟಿ ಟೈರುಗಳು ಇವತ್ತೇ ಇಳಿದು ಶೆಡ್ಡಿನ ಗಾಡಿಗೆ ಹೋಗಬೇಕು.

“ಟೈರ್ ಕೇಳಿದ್ರೆ ಗುಂಡಿ ಮುಚ್ಚಿ ಅಂತೀರಲ್ಲಕ್ಕ. ತಲೆನೋವು ಅಂತ ಹೋದ್ರೆ ಮನೆ ಸೂರು ಎತ್ತರ ಮಾಡ್ಸಿ ಅಂದ ಹಾಗಾಯ್ತು.”

“ಸೂರು ಬಡಿದೇ ತಲೆನೋವು ಬಂದಿದ್ರೆ?”

ಮ್ಯಾನೇಜರ್ ಕೊಕ್ಕರೆಯ ಗೋಣಿಚೀಲದ ಕಡೆ ಒಮ್ಮೆ ನೋಡಿ, “ಬರೆದುಕೊಡಿ, ಮೇಲಿನವರಿಗೆ ಕಳಿಸ್ತೀನಿ. ಕೊಕ್ಕರೆ ಗಾಡಿದು ಇವತ್ತೇ ಬಿಚ್ಚಿಸ್ತೀನಿ,” ಎನ್ನುತ್ತಾರೆ.

ಬರೆದುಕೊಡುವ ಹಾಳೆ ಅಂಗಡಿಯದೇ. ಭಾರ ಎಷ್ಟು, ವೇಗ ಎಷ್ಟು, ದಿನಕ್ಕೆ ಎಷ್ಟು ಗಂಟೆ, ನೆಲ ಯಾವುದು, ಬಿಸಿಯೋ ತಂಪೋ ಎಂದು ಐದು ಅಂಕಣ ಅಚ್ಚಾಗಿದೆ. ಆರನೆಯದನ್ನು ಟೈರಕ್ಕ ಪ್ರತಿ ಹಾಳೆಯ ಮೇಲೂ ಪೆನ್ಸಿಲಿನಿಂದ ಗೆರೆ ಎಳೆದು ತಾವೇ ಸೇರಿಸುತ್ತಾರೆ: ಕೂರುವವರು. ಅದರ ಕೆಳಗೆ ಇವತ್ತು ಬರೆದದ್ದು, ‘ಮೂರು ಗೆರೆ. ಗೋಣಿ ನಾಲ್ಕು ಮಡಿಕೆ. ಎಡಗಾಲು ಜೋಮು.’ ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಈ ಆರನೆಯ ಅಂಕಣ ಅಚ್ಚಾಗಿ ಬರಬೇಕು ಎನ್ನುತ್ತಾರೆ. “ಪೆನ್ಸಿಲಲ್ಲಿ ಬರೆದಿದ್ದನ್ನ ಯಾರೂ ಓದಲ್ಲ. ಅಚ್ಚಾದ್ರೆ ಕೇಳ್ತಾರೆ, ಇದೇನಿದು ಖಾಲಿ ಬಿಟ್ಟಿದೀರ ಅಂತ.”

ಮನೆಗೆ ಮರಳುವಾಗ ಹನ್ನೊಂದು ದಾಟಿದೆ. ಮುಂದಿನ ಕೋಣೆಯಲ್ಲಿ ಟೈರಕ್ಕನ ತಮ್ಮ, ಎತ್ತರದ ಮೇಜಿನ ಮುಂದೆ ನಿಂತು, ಅಕ್ಕಪಕ್ಕದವರ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾನೆ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಲಾಗದವನು ಹುಡುಕಿಕೊಂಡ ಕೆಲಸ. ದಿನಕ್ಕೆ ಐವತ್ತು ಅಂಗಿ. ಮಗಳು ಮಾತಾಡದೆ ಹಿತ್ತಲ ಕಡೆ ಹೋದದ್ದನ್ನು ನೋಡಿ, “ಏನಾಯ್ತೇ ಇವಳಿಗೆ?” ಎಂದು ಅಕ್ಕನನ್ನು ಕೇಳುತ್ತಾನೆ.

“ಬಾಟಲಿ ಗೋದಾಮಿನ ಮ್ಯಾನೇಜರು ನಿನ್ನ ಪೈಪ್ ಯಾರ್ಡಲ್ಲಿದ್ದೋನಂತೆ. ಬಾಯ್ಬಿಟ್ಟ.”

ತಮ್ಮ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಇಡುತ್ತಾನೆ. ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಹೇಳುತ್ತಾನೆ: “ಬರ್ಕೊಳ್ಳಿ. ಅಕ್ಕ ಆ ನೆಲಕ್ಕೆ ಹೇಳಿದ ಟೈರ್ ಸರಿಯಾಗೇ ಇತ್ತು. ಬೆನ್ನು ನೋಯ್ತಿದೆ ಅಂತ ನಾನಾದ್ರೂ ಬಾಯ್ಬಿಟ್ಟು ಹೇಳಿದ್ನಾ? ಅಕ್ಕ ಹಾಕ್ಸಿದ ಟೈರ್, ಹೆಂಗೆ ಹೆಸರಿಡೋದು ಅಂತ ದಿಂಬು ಹೊತ್ಕೊಂಡು ಹೋದೆ. ಇವಳು ಅದನ್ನ ಒಪ್ಪಲ್ಲ. ಎಲ್ಲ ತನ್ನ ತಲೆ ಮೇಲೇ ಬೇಕು, ಚಿಕ್ಕವಳಿದ್ದಾಗಿಂದ ಹಂಗೇ.”

“ನೀನು ಅಂಗಿ ಸುಟ್ಕೋಬೇಡ, ನೋಡು ಅತ್ಲಾಗೆ,” ಎಂದು ಟೈರಕ್ಕ ಬಾಚಣಿಗೆ ಹಿಡಿದು ಹಿಂದಕ್ಕೆ ಹೋಗುತ್ತಾರೆ.

ಹುಡುಗಿ ಆಗಲೇ ಕೆಳಗಿನ ಹಂತದಲ್ಲಿ ಕೂತಿದ್ದಾಳೆ. ಎಡಗಡೆಯ ಕೂದಲಿಗೆ ಯಾರ್ಡ್‌ನ ಧೂಳು ಹತ್ತಿದೆ. ಅತ್ತೆ ಮೇಲಿನ ಹಂತದಲ್ಲಿ ಕೂತು ಸಿಕ್ಕು ಬಿಡಿಸುತ್ತಾರೆ, ತುದಿಯಿಂದ ಮೇಲಕ್ಕೆ, ನೋಯದ ಹಾಗೆ. ಕೂದಲನ್ನು ಮತ್ತೆ ಮೂರು ಎಳೆ ಮಾಡುತ್ತಾರೆ. ಜಡೆ ಹಾಕಿಸಿಕೊಳ್ಳುವಾಗ ಮಕ್ಕಳಿಗೆ ನಮ್ಮ ಮುಖ ಕಾಣುವುದಿಲ್ಲ. ಮನೆಯಲ್ಲಿ ದಿನಾ ಜಡೆ ಹೆಣೆಯುವ ಎಲ್ಲರಿಗೂ ಗೊತ್ತು, ಕಷ್ಟದ ಮಾತುಗಳೆಲ್ಲ ಮಕ್ಕಳ ಬಾಯಿಂದ ಹೊರಗೆ ಬರುವುದು ಆ ಹೊತ್ತಿನಲ್ಲೇ.

“ಬೆಳಿಗ್ಗೆ ಏನೋ ಕೇಳ್ಬೇಕು ಅಂದ್ಯಲ್ಲ,” ಎನ್ನುತ್ತಾರೆ ಅತ್ತೆ.

“ನಮ್ಮ ಕ್ಲಾಸಲ್ಲಿ ಒಬ್ಬಳಿದಾಳೆ. ಅವಳಪ್ಪನೂ ಪೈಪ್ ಯಾರ್ಡಲ್ಲೇ ಇದ್ದಿದ್ದು. ಅವಳು ಏನೋ ಹೇಳಿದ್ಲು. ಸುಳ್ಳು ಅಂತ ಜಗಳ ಆಡ್ದೆ.”

“ಏನು ಹೇಳಿದ್ಲು?”

ಹುಡುಗಿ ಪಕ್ಕದಲ್ಲಿದ್ದ ಚೀಲದಿಂದ ಲೋಟ ತೆಗೆದು, ಮಡಿಲಲ್ಲಿಟ್ಟುಕೊಂಡು, ಒಳಗಿನ ಗೆರೆಗಳ ಮೇಲೆ ಉಗುರಾಡಿಸುತ್ತಾಳೆ. ಕೆಳಗಿನಿಂದ ಮೇಲಕ್ಕೆ, ಒಂದೊಂದಾಗಿ, ಹತ್ತರವರೆಗೆ. ಮುಂದಿನ ಕೋಣೆಯಲ್ಲಿ ಇಸ್ತ್ರಿಯ ಸದ್ದು ನಿಂತಿದೆ. ಅತ್ತೆಯ ಕೈ ಜಡೆಯ ಅರ್ಧದಲ್ಲಿದೆ; ಈ ಸಲ ಫೋನ್ ಬಡಿದುಕೊಳ್ಳುವುದಿಲ್ಲ.

“ಅತ್ತೆ, ಅಪ್ಪನ ಗಾಡಿಗೆ ಟೈರ್ ಹೇಳಿದ್ಯಲ್ಲ, ಆಗ ನಿನ್ನ ಹತ್ರ ಈ ಲೋಟ ಇರ್ಲಿಲ್ವಾ?”